ಅಡುಗೆಮನೆಯ ತೀರ್ಪು

ಗಡಿಯಾರ ರಿಪೇರಿಯ ಮುದುಕನಿಗೆ ಹಳೆಯ ಬೆಳ್ಳಿ ನಾಣ್ಯಗಳ ಹುಚ್ಚು. ಆನ್‌ಲೈನಿನಲ್ಲಿ ತರಿಸಿದ ಪ್ರತಿಯೊಂದನ್ನೂ ತೂಗುತ್ತಿದ್ದ, ಅಯಸ್ಕಾಂತ ಹಿಡಿದು ನೋಡುತ್ತಿದ್ದ, ಕೊನೆಗೆ ನಡುಮನೆಯ ಕಲ್ಲುನೆಲದ ಮೇಲೆ ಬೀಳಿಸುತ್ತಿದ್ದ. ಊರಿನ ಗಡಿಯಾರಗಳಿಗೆಲ್ಲ ಕಿವಿಗೊಟ್ಟವನಿಗೆ ಬೆಳ್ಳಿಯ ದನಿ ಮಾತ್ರ ತಿಳಿಯುತ್ತಿರಲಿಲ್ಲ. ತೀರ್ಪು ಅಡುಗೆಮನೆಯಿಂದಲೇ ಬರಬೇಕು. ಹೆಂಡತಿ ತಿರುಗಿಯೂ ನೋಡದೆ, ಸದ್ದು ಕೇಳಿಯೇ ಹೇಳುತ್ತಿದ್ದಳು: "ನಕಲಿ ಕಣ್ರೀ! ಮತ್ತೆ ಟೋಪಿ ಹಾಕಿಸ್ಕೊಂಡ್ರಿ." ಅವಳ ಕಿವಿ ಒಮ್ಮೆಯೂ ತಪ್ಪಿದ್ದಿಲ್ಲ, ಅದೇ ಅವನಿಗೆ ಹೊಟ್ಟೆಯುರಿ.

ಅವಳು ತೀರಿಕೊಂಡ ಮೇಲೆ, ಮೊದಲೇ ಆರ್ಡರ್ ಮಾಡಿದ್ದ ನಾಣ್ಯವೊಂದು ಬಂತು. ತೂಕ ಸರಿಯಿತ್ತು, ಅಯಸ್ಕಾಂತಕ್ಕೆ ಅಂಟಲಿಲ್ಲ. ಅದನ್ನು ನೆಲಕ್ಕೆ ಬೀಳಿಸಿ, ಅಭ್ಯಾಸಬಲದಿಂದ ಅಡುಗೆಮನೆಯತ್ತ ಕಿವಿಗೊಟ್ಟ.

"ಅಪ್ಪಾ, ಏನೋ ಬಿತ್ತು ನೋಡಿ," ಎಂದಳು ಒಳಗಿದ್ದ ಮಗಳು.