ಹಳದಿ ಗೆರೆಯ ಕಾಮಣ್ಣ

ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ರಬಕವಿ ದಂಡೆಗೆ ಕಟ್ಟಿದ ಬೋಟಿನ ಹಿಂಬದಿಯಲ್ಲಿ ಕಾಮಣ್ಣ ಬೋರಲು ಮಲಗಿದ್ದಾರೆ. ಎದೆಯ ಕೆಳಗೊಂದು ಮಡಚಿದ ಗೋಣಿತಟ್ಟು. ಬಲಗೈಯ ಹೆಬ್ಬೆರಳು ಇಂಜಿನ್ನಿನ ಕಾಲಿಗೂ ಅದು ಕೂತ ಕಬ್ಬಿಣದ ಪಟ್ಟಿಗೂ ನಡುವಿನ ಸಂದಿಯಲ್ಲಿದೆ.

“ಒತ್ತು ಶಶಿ.”

ಬೋಟು ನಡೆಸುವ ಶಶಿಕಾಂತ ಗುಂಡಿ ಒತ್ತುತ್ತಾನೆ. ‘ಟಕ್’ ಎಂಬ ಒಂದೇ ಸದ್ದು. ಇಂಜಿನ್ ಅಲುಗುವುದಿಲ್ಲ.

“ಇನ್ನೊಮ್ಮೆ.”

ಟಕ್.

“ಎಷ್ಟ ಸಲ ಅದನ್ನ ಟಕ್ ಅನಸ್ತಿ ಕಾಮಣ್ಣ? ಹೊಸಾ ಸೆಲ್ಫ್ ಹಾಕೂಣು ಅಂತ ನಿನ್ನೇನ ಅಂದೇನಿ,” ಎನ್ನುತ್ತಾರೆ ದಂಡೆಯ ಕಲ್ಲಿನ ಮೇಲೆ ಕೂತ ಸತ್ಯವ್ವ. ಬೋಟು ಅವರದು. ಇಂಜಿನ್ ಶುರು ಮಾಡುವ ಸ್ಟಾರ್ಟರಿಗೆ ಇಲ್ಲಿ ಎಲ್ಲರೂ ಸೆಲ್ಫ್ ಅನ್ನುವುದೇ.

“ಸೆಲ್ಫ್ ಛಲೋ ಐತಿ ಯಕ್ಕಾ. ಬ್ಯಾಟರಿಯಿಂದ ಬ್ಯಾರೆ ವಾಯರ್ ಹಿಡದಾಗ ಗರ್ ಅಂತ ತಿರಗಿದ್ದು ನೀನೂ ನೋಡೀದಿ. ಅದಕ್ಕ ಕರೆಂಟ ಮುಟ್ಟವಲ್ದು, ಅಷ್ಟ.”

ಸತ್ಯವ್ವನ ಅವಸರಕ್ಕೆ ಕಾರಣವಿದೆ. ಮಂಗಳವಾರ ನಡುಹೊಳೆಯಲ್ಲಿ ಬೋಟನ್ನು ನೂಕುವ ನೀರೊಳಗಿನ ಫ್ಯಾನಿಗೆ ನೀರಿನ ಬಳ್ಳಿ ಸುತ್ತಿಕೊಂಡಿತು. ಬಿಡಿಸಲೆಂದು ಇಂಜಿನ್ ನಿಲ್ಲಿಸಿದ ಶಶಿಕಾಂತನಿಗೆ ಮತ್ತೆ ಶುರು ಮಾಡಲು ಆಗಲಿಲ್ಲ. ಇಪ್ಪತ್ತೆರಡು ಜನ, ಐದು ಬೈಕು ಹೊತ್ತ ಬೋಟು ನೀರು ಎಳೆದತ್ತ ಸಾಗಿತು. ಮೀನು ಹಿಡಿಯುವವರು ಹಗ್ಗ ಎಸೆದು ದಂಡೆಗೆ ತಂದರು. ಅಂದಿನಿಂದ ಜನ ಬೋಟು ಹತ್ತುತ್ತಿಲ್ಲ. ಬಸ್ಸಿನಲ್ಲಿ ಒಂದು ಗಂಟೆ ಸುತ್ತು ಹಾಕುತ್ತಿದ್ದಾರೆ. ಇವತ್ತೂ ಹೀಗೇ ಆದರೆ ಇಂಜಿನ್ ಇಳಿಸಿ ಕಬ್ಬಿನ ಹಾಲಿನ ಗಾಣದವನಿಗೆ ಕೊಟ್ಟುಬಿಡುವುದಾಗಿ ಸತ್ಯವ್ವ ಹೇಳಿಯಾಗಿದೆ.

ಕಾಮಣ್ಣನಿಗೆ ಚುಚ್ಚುತ್ತಿರುವುದು ಬೇರೆ. ಭಾನುವಾರವೇ ಶಶಿಕಾಂತ ‘ಸೆಲ್ಫ್ ಒಮ್ಮೊಮ್ಮೆ ತಗೋವಲ್ದು’ ಎಂದು ಕರೆಸಿದ್ದ. ಬಂದು ನೋಡಿ, ‘ಏನೂ ಆಗಿಲ್ಲ, ಹೊಡಿ’ ಎಂದು ಹೇಳಿ ಹೋದವರು ಇವರೇ.

ಚಿಮ್ಮಡದ ಕುರಿಗಾರರ ಮನೆಯ ಕಾಮಣ್ಣನಿಗೀಗ ಐವತ್ತೆಂಟು. ಹದಿನಾರಕ್ಕೇ ಕುರಿ ಬಿಟ್ಟು ಬನಹಟ್ಟಿಯ ಪವರ್‌ಲೂಮಿಗೆ ಸೇರಿ, ಮಗ್ಗ ರಿಪೇರಿ ಮಾಡುವ ಜಾಬರ್ ಆದರು. ಇಪ್ಪತ್ತು ವರ್ಷದ ಮಗ್ಗದ ಸದ್ದು ಎಡಗಿವಿಯನ್ನು ಪೂರ್ತಿ ತಿಂದಿತು, ಬಲಗಿವಿಯನ್ನು ಅರ್ಧ. ಉಳಿದ ಮೇಸ್ತ್ರಿಗಳು ಇಂಜಿನ್ನಿನ ಸದ್ದು ಕೇಳಿ ರೋಗ ಹೇಳಿದರೆ ಇವರು ಮುಟ್ಟಿ ಹೇಳುತ್ತಾರೆ. ‘ಕಾಮಣ್ಣನ ಕಿವಿ ಅಂಗೈಯಾಗ ಅದಾವು’ ಎಂದು ಹೊಳೆಯ ಜನ ನಗುತ್ತಾರೆ. ತೇರದಾಳದಲ್ಲಿ ಟೀಚರ್ ಆಗಿರುವ ಮಗಳು ವೈಶಾಲಿ ಕಿವಿಗೆ ಮಷಿನ್ ತಂದುಕೊಟ್ಟಿದ್ದಾಳೆ. ಅದು ಮನೆಯಲ್ಲಷ್ಟೇ. “ಇಲ್ಲಿ ಹಾಕ್ಕೊಂಡ್ರ ಸತ್ಯಕ್ಕನ ಬೈಗಳಾ ಪೂರಾ ಕೇಳಬೇಕಾಗ್ತೈತ್ರಿ,” ಎನ್ನುತ್ತಾರೆ ಕೇಳಿದವರಿಗೆ, ದಂಡೆಯತ್ತ ಕಣ್ಣು ಹಾಯಿಸಿ.

ರಬಕವಿಯಿಂದ ಬೀಳಗಿಯ ಹಿನ್ನೀರಿನವರೆಗೆ ಹದಿನಾಲ್ಕು ಬೋಟುಗಳು ಇವರ ಕೈಯಲ್ಲಿವೆ. ಒಂದೊಂದು ಇಂಜಿನ್ನಿಗೆ ನಾಲ್ಕು ಕಾಲು, ನಾಲ್ಕು ಬೋಲ್ಟು. ಹಳೆಯ ಮೊಪೆಡ್ಡಿನಲ್ಲಿ ವಾರಕ್ಕೊಂದು ಸುತ್ತು ಹೊಡೆದು ಐವತ್ತಾರನ್ನೂ ನೋಡಿ ಬರುತ್ತಾರೆ. ನೋಡುವುದಕ್ಕೊಂದು ಗುರುತಿದೆ. ಬೀರೇಶ್ವರನ ಗುಡಿಯಿಂದ ತಂದ ಭಂಡಾರದ ಅರಿಶಿನಕ್ಕೆ ಎರಡು ಹನಿ ವಾರ್ನಿಷ್ ಕಲಸಿ, ಬಿಗಿಸಿದ ಬೋಲ್ಟಿನ ತಲೆಯಿಂದ ಕೆಳಗಿನ ಪಟ್ಟಿಯವರೆಗೆ ಕಡ್ಡಿಯಿಂದ ಒಂದು ಗೆರೆ ಎಳೆಯುತ್ತಾರೆ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಭಾನುವಾರ ಈ ಬೋಟಿನ ನಾಲ್ಕೂ ಗೆರೆ ನೆಟ್ಟಗಿದ್ದವು. ಹಾಗಾಗಿ ಬೋಲ್ಟುಗಳನ್ನು ಮುಟ್ಟಿರಲಿಲ್ಲ.

ಮುಟ್ಟುವ ಕೈ ಅವತ್ತು ಕಣ್ಣನ್ನು ನಂಬಿತ್ತು. ಈಗ ಶಶಿಕಾಂತ ಗುಂಡಿ ಒತ್ತಿದಾಗೊಮ್ಮೆ ಎಡಗಡೆಯ ಹಿಂದಿನ ಕಾಲು ಹೆಬ್ಬೆರಳಿನ ಕೆಳಗೆ ಸಣ್ಣಗೆ ನಡುಗುತ್ತಿದೆ. ಬ್ಯಾಟರಿಯ ಅರ್ಥಿಂಗ್ ವಾಯರ್ ಸಿಕ್ಕಿಸಿರುವುದು ಆ ಬೋಲ್ಟಿನ ಅಡಿಯಲ್ಲೇ; ಅದು ಸಡಿಲಾದರೆ ಸೆಲ್ಫಿಗೆ ಕರೆಂಟು ಮುಟ್ಟದು. ಗೆರೆ ಮಾತ್ರ ನೆಟ್ಟಗಿದೆ. ಕಾಮಣ್ಣ ಅದರ ಮೇಲೆ ಉಗುರಾಡಿಸುತ್ತಾರೆ. ಹಳದಿ ಪುಡಿಯಾಗಿ ಬೆರಳಿಗೆ ಬರುತ್ತದೆ. ವಾರ್ನಿಷ್ ಇಲ್ಲ.

“ಶಶಿ, ಇದನ್ನ ಯಾರ ಹಚ್ಚ್ಯಾರು?”

“ನಾನ ಹಚ್ಚೇನ್ರಿ ಮಾವಾ. ಅಮಾಸಿಗೆ ಇಂಜಿನ್ ತೊಳದು ಪೂಜಿ ಮಾಡಿದ್ನಿ. ನಿಮ್ಮ ಭಂಡಾರ ಅಳಿಸಿ ಹೋತು. ದೇವರದು ಹಂಗ ಬಿಡಬಾರದು ಅಂತ, ನೀವು ಹಚ್ಚಿದಂಗ ನೆಟ್ಟಗ ಹಚ್ಚೇನಿ.”

ಸಡಿಲಾದ ಬೋಲ್ಟಿನ ಮೇಲೆ ಭಕ್ತಿಯಿಂದ ಎಳೆದ ನೆಟ್ಟನೆಯ ಗೆರೆ. ಸತ್ಯವ್ವ ಕಲ್ಲಿನಿಂದ ಎದ್ದು ಬರುತ್ತಾರೆ. “ಏ ದೇವರಂಥವನ, ಇಪ್ಪತ್ತೆರಡು ಮಂದಿನ್ನ ಹೊಳಿಗೆ ಕೊಟ್ಟು ಪೂಜಿ ಮುಗಸ್ತಿದ್ದೆಲ್ಲೋ.”

“ಅಂವಗ ಬೈಬ್ಯಾಡ ಯಕ್ಕಾ. ಅದು ಗುರತು ಅಂತ ನಾ ಯಾರಿಗೂ ಹೇಳಿಲ್ಲ. ನೋಡಿ ಬಿಟ್ಟಾಂವ ನಾನು,” ಎನ್ನುತ್ತಾರೆ ಕಾಮಣ್ಣ. ಬ್ಯಾಟರಿಯ ವಾಯರ್ ಕಳಚಿಟ್ಟು ಬೋಲ್ಟು ತಿರುವುವ ಪಾನಾ ಕೈಗೆತ್ತಿಕೊಳ್ಳುತ್ತಾರೆ.

ಬೋಲ್ಟು ಬಿಚ್ಚಿದರೆ ವಾಯರಿನ ತುದಿಯ ಬಳೆಗೆ ಕಿಲುಬು ಹಿಡಿದು ಕಪ್ಪಾಗಿದೆ. ಉಸುಕು ಕಾಗದದಿಂದ ತಿಕ್ಕಿ ತಾಮ್ರ ಕಾಣಿಸುತ್ತಾರೆ. ಇಂಜಿನ್ನಿನ ಕಾಲಿನ ಬಣ್ಣವನ್ನೂ ಹೊಳಪು ಬರುವ ತನಕ ಕೆರೆಯುತ್ತಾರೆ. ಸವೆದ ವಾಷರ್ ಹೊಳೆಗೆ, ಹೊಸದು ಬೋಲ್ಟಿಗೆ. ಆಮೇಲೆ ಬಿಗಿಸುವ ಕೆಲಸ. ಎಡಗಡೆ ಹಿಂದಿನದನ್ನು ಸ್ವಲ್ಪ ತಿರುವಿ ಬಲಗಡೆ ಮುಂದಿನದಕ್ಕೆ ಹೋಗುತ್ತಾರೆ, ಅಲ್ಲಿಂದ ಉಳಿದ ಎರಡಕ್ಕೆ. ಹೀಗೆ ಮೂರು ಸುತ್ತು. ಶಶಿಕಾಂತ ಪಾನಾಕ್ಕೆ ಸಿಕ್ಕಿಸಲು ಉದ್ದನೆಯ ಪೈಪು ತಂದರೆ ಬೇಡ ಎಂದು ತಲೆಯಾಡಿಸುತ್ತಾರೆ.

“ಬಿಗಿ ಅಂದ್ರ ಜೋರಲ್ಲೋ. ಒಬ್ಬ ಮಗನ ಗಂಗಾಳಕ್ಕ ಎಲ್ಲಾ ತುಪ್ಪ ಸುರದ್ರ ಉಳದ ಮೂವರು ಸುಮ್ಮ ಕುಂದರ್ತಾರೇನು? ನಾಕೂ ಕಾಲಿಗೆ ಭಾರ ಸಮಾ ಹಂಚಬೇಕು. ಪೈಪ್ ಹಾಕಿ ಜಗ್ಗಿದ್ರ ಬೋಲ್ಟಿನ ಕುತಗಿ ಹೋಗ್ತೈತಿ. ಅದು ಹೊರಗ ಕಾಣೂದಿಲ್ಲ.”

ಬ್ಯಾಟರಿಯ ವಾಯರ್ ಮತ್ತೆ ಸಿಕ್ಕಿಸಿ, ಅರ್ಧ ಗಂಟೆ ಇಂಜಿನ್ ಓಡಿಸಿ, ಆರಲು ಬಿಟ್ಟು, ಮತ್ತೊಮ್ಮೆ ನಾಲ್ಕನ್ನೂ ನೋಡುತ್ತಾರೆ. ಅವುಗಳಲ್ಲೊಂದು ಇನ್ನೂ ಚೂರು ತಿರುಗುತ್ತದೆ, ಬಿಗಿಸುತ್ತಾರೆ. ಗೆರೆ ಎಳೆಯುವ ಮುನ್ನ ಕಡ್ಡಿಯನ್ನು ಶಶಿಕಾಂತನ ಕೈಗೆ ಕೊಟ್ಟು, ಗೆರೆ ಯಾಕೆಂದು ಬಿಡಿಸಿ ಹೇಳುತ್ತಾರೆ.

ಒಂಬತ್ತು ಗಂಟೆಗೆ ಒಂಬತ್ತು ಜನ ಬಂದು ನಿಂತಿದ್ದಾರೆ, ಹತ್ತಲು ಮನಸ್ಸಿಲ್ಲದವರ ಹಾಗೆ. ಮುಂದೆ ಅನಸವ್ವ, ನೇಕಾರರ ಓಣಿಯಲ್ಲಿ ಮೊಸರು ಮಾರಿ ಆಚೆ ದಂಡೆಗೆ ಮರಳುವವರು, ಮಂಗಳವಾರವೂ ಬೋಟಿನಲ್ಲಿದ್ದವರು. “ಕಾಮಣ್ಣ ಬರ್ತಾನಂದ್ರ ಬರ್ತೇನಿ. ಮುಳಗೂದಾದ್ರ ಅಂವನ್ನ ಹಿಡಕೊಂಡ ಮುಳಗ್ತೇನಿ.”

ಕಾಮಣ್ಣ ಹತ್ತುತ್ತಾರೆ. ಒಂಬತ್ತು ಜನವೂ ಇಂಜಿನ್ನಿನತ್ತ ಮುಖ ಮಾಡಿ, ಹಗೆಯನ್ನು ಕಾಯುವವರಂತೆ ಕೂರುತ್ತಾರೆ. ಮಂಗಳವಾರ ಬೋಟು ಕೆಟ್ಟ ಜಾಗ ಬಂದಾಗ ಕಾಮಣ್ಣ ಕೈಯೆತ್ತುತ್ತಾರೆ.

“ಬಂದ್ ಮಾಡು.”

ಇಂಜಿನ್ ನಿಲ್ಲುತ್ತದೆ. ಬೋಟು ನೀರಿನ ಜೊತೆ ಮೆಲ್ಲಗೆ ಜಾರತೊಡಗುತ್ತದೆ. ದಂಡೆಯಲ್ಲಿ ಸತ್ಯವ್ವ ಎದ್ದು ನಿಂತದ್ದು ಕಾಣುತ್ತದೆ.

“ಲೇ ಕಾಮ್ಯಾ, ತಲಿ ನೆಟ್ಟಗೈತೇನ ನಿಂದು?” ಅನಸವ್ವ ಬೋಟಿನ ಅಂಚು ಹಿಡಿದು ಕೂಗುತ್ತಾರೆ. ಕಾಮಣ್ಣನಿಗೆ ಕೇಳಿಸಿತೋ ಇಲ್ಲವೋ. ಅವರ ಅಂಗೈ ಇಂಜಿನ್ನಿನ ಎಡಗಡೆಯ ಹಿಂದಿನ ಕಾಲಿನ ಮೇಲಿದೆ.

“ಒತ್ತು.”

ಒಂದೇ ಸಲಕ್ಕೆ ಇಂಜಿನ್ ಶುರುವಾಗುತ್ತದೆ. ಮತ್ತೆ ನಿಲ್ಲಿಸಿ, ಮತ್ತೆ ಶುರು. ಮೂರನೆಯ ಸಲ ಗುಂಡಿ ಒತ್ತುವ ಹೊತ್ತಿಗೆ ಅನಸವ್ವ ಇಂಜಿನ್ನಿಗೆ ಬೆನ್ನು ತಿರುಗಿಸಿ, ಪಕ್ಕದವಳ ಕೂಡ ಯಾವುದೋ ಬೀಗರ ಮನೆಯ ಜಗಳದ ಮಾತು ತೆಗೆದಿದ್ದಾರೆ. ಒಬ್ಬೊಬ್ಬರೇ ತಮ್ಮ ತಮ್ಮ ಕಡೆ ಹೊರಳುತ್ತಾರೆ. ಆಚೆ ದಂಡೆ ಬಂದಾಗ ಇಳಿದು ನಡೆಯುತ್ತಾರೆ. ಕಾಮಣ್ಣನಿಗೆ ಯಾರೂ ಏನೂ ಹೇಳುವುದಿಲ್ಲ. ಅನಸವ್ವನ ಜಗಳದ ಮಾತಂತೂ ಇನ್ನೂ ಮುಗಿದಿಲ್ಲ.

ಕಾಮಣ್ಣ ಗೋಣಿತಟ್ಟಿನಿಂದ ಕೈ ಒರೆಸಿಕೊಳ್ಳುತ್ತಾರೆ.

“ನೋಡು ಶಶಿ, ಬೋಟ ಹತ್ತಿದವರು ಹೊಳಿ ನೋಡಬೇಕು, ತಮ್ಮ ಮಾತ ತಾವು ಆಡಕೋಬೇಕು. ಇಂಜಿನ್ ಐತಿ ಅನ್ನೂದ ಮರೀಬೇಕು. ಇವತ್ತ ಮರತ್ರು.”