ಮೊದಲ ಕರೆಗೇ ಓ ಅಂದವರು

ಅವರ ಬಲಗೈ ಕಿರುಬೆರಳಿನ ಉಗುರು ಕಾಲು ಇಂಚಿಗೂ ಹೆಚ್ಚು ಬೆಳೆದಿರುತ್ತಿತ್ತು. ಉಳಿದ ಒಂಬತ್ತನ್ನೂ ಮಾಂಸ ಕಾಣುವಷ್ಟು ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದನ್ನು ಮಾತ್ರ ಜೋಪಾನವಾಗಿ ಬೆಳೆಸಿದ್ದರು. ವಿಡಿಯೊ ಕ್ಯಾಸೆಟ್ಟಿನ ಪಕ್ಕದ ಸಣ್ಣ ಗುಂಡಿಯನ್ನು ಆ ಉಗುರಿನಿಂದ ಒತ್ತಿ, ಮುಚ್ಚಳ ಎತ್ತಿ, ಸುಕ್ಕಾದ ಟೇಪನ್ನು ಹರಿಯದ ಹಾಗೆ ಹೊರಗೆಳೆದು ನೇವರಿಸುತ್ತಿದ್ದರು. ಟೇಪಿನ ಕಂದು ಬಣ್ಣ ಉಗುರಿಗೂ ಹತ್ತಿತ್ತು. ಊಟಕ್ಕೆ ಕೂತಾಗ ಆ ಬೆರಳನ್ನು ತಟ್ಟೆಗೆ ತಾಗಿಸದೆ ಎತ್ತಿ ಹಿಡಿದೇ ರೊಟ್ಟಿ ಮುರಿಯುತ್ತಿದ್ದರು.

ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಕ್ಯಾಸೆಟ್ ಅಂಗಡಿ. ತೊಂಬತ್ತರ ದಶಕದ ನಡುವಿನ ಮಾತು, ನಾನಾಗ ಡಿಗ್ರಿ ಓದುತ್ತಿದ್ದೆ. ನಿಡಗುಂದಿ ಕಡೆಯವರು, ಒಬ್ಬರೇ ಇರುತ್ತಾರೆ ಎನ್ನುವುದಕ್ಕಿಂತ ಹೆಚ್ಚಿನದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವರು ಕಾಕಾ. ಬೇರೆ ಅಂಗಡಿಗಳಲ್ಲಿ ಹಾಡಿನ ಸಿನಿಮಾ, ಹೊಡೆದಾಟದ ಸಿನಿಮಾ ಸಿಗುತ್ತಿದ್ದವು. ಕಾಕಾನ ಅಂಗಡಿಯಲ್ಲಿ ಇದ್ದದ್ದು ದೆವ್ವ, ರಕ್ತ, ಹೆಣ ಅಷ್ಟೇ. ಲಗ್ನಕ್ಕೆ ಬಂದ ಬೀಗರಿಗೆ ತೋರಿಸಲೆಂದು ಕುಟುಂಬದ ಸಿನಿಮಾ ಕೇಳಿಕೊಂಡು ಹೋದವರಿಗೆ, "ಅದು ಆ ಮೂಲಿ ಅಂಗಡ್ಯಾಗ ಸಿಗತೈತ್ರಿ. ಅಲ್ಲೇ ಅಳ್ರಿ ಹೋಗ್ರಿ" ಎಂದು ಕೈ ತೋರಿಸಿ ಕಳಿಸುತ್ತಿದ್ದರು.

ಅಂಗಡಿಯಲ್ಲಿ ಮೂರು ಹಲಗೆಗಳಿದ್ದವು. ಕೆಳಗಿನದು ನಗಿಸುವ ರಕ್ತದ್ದು. ಕಟುಕನ ತಲೆಯೇ ಕಡಿದು ಬುಟ್ಟಿಗೆ ಬಿದ್ದು, ಬುಟ್ಟಿಯೊಳಗಿಂದಲೇ ಗಿರಾಕಿಗಳ ಜೊತೆ ಜಗಳ ತೆಗೆಯುವಂಥವು. ನಡುವಿನದರಲ್ಲಿ ನಮ್ಮ ದೇಶದ ದೆವ್ವಗಳು, ಬಿಳಿ ಸೀರೆ, ಕಾಲಿನ ಗೆಜ್ಜೆ. ಮೇಲಿನ ಹಲಗೆ ಪರದೇಶದ್ದು. ಅದಕ್ಕೆ ಕೈ ಹಾಕಲು ಎಲ್ಲರಿಗೂ ಬಿಡುತ್ತಿರಲಿಲ್ಲ. ಹೊಸಬರಿಗೆ ಕೆಳಗಿನ ಹಲಗೆಯಿಂದಲೇ ಕೊಡುತ್ತಿದ್ದರು. "ರಕ್ತ ಜಾಸ್ತಿ ಇದ್ರ ಅಂಜಿಕಿ ಬರಂಗಿಲ್ಲ, ನಗು ಬರತೈತಿ. ರಕ್ತ ಇಲ್ಲದ್ದು ಕಡೀಕ ನೋಡ್ರಿ" ಎನ್ನುತ್ತಿದ್ದರು. ಒಮ್ಮೆ ಮೇಲಿನ ಹಲಗೆಯಿಂದ ನನಗೊಂದು ಕೊಟ್ಟರು. ಹಿಮ ಬೀಳುವ ಯಾವುದೋ ದೇಶ. ಜನವೇ ಇಲ್ಲದ ಊರಲ್ಲಿ ಅಂಚೆಯವನೊಬ್ಬ ದಿನವೂ ಮನೆಮನೆಗೆ ಕಾಗದ ಹಂಚುತ್ತಾನೆ, ಮರುದಿನ ಬಂದು ನೋಡಿದರೆ ಕಾಗದ ಒಡೆದಿರುತ್ತವೆ. ಆ ಸಿನಿಮಾದ ಮಾತು ಒಂದೂ ತಿಳಿಯಲಿಲ್ಲವೆಂದು ಕಾಕಾಗೆ ದೂರಿದೆ. "ಮೈ ಜುಮ್ ಅಂತಲ್ಲ? ಮತ್ತೇನ ತಿಳೀಬೇಕು ತಂಗಿ? ಅಂಜಿಕಿಗೆ ಭಾಷಾ ಎಲ್ಲೀದು?" ಎಂದರು.

ಬೇರೆ ಅಂಗಡಿಯವರು ಟೇಪು ಹಿಂದಕ್ಕೆ ಸುತ್ತದೆ ತಂದರೆ ಬಯ್ಯುತ್ತಿದ್ದರು. ಕಾಕಾ ಸುತ್ತಿ ತಂದರೆ ಬಯ್ಯುತ್ತಿದ್ದರು. "ಎಲ್ಲಿ ನಿಂದ್ರಸೀರೋ ಅಲ್ಲೇ ಬಿಟ್ಟು ತರ್ರಿ" ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಿದ್ದರು. ವಾಪಸು ಬಂದ ಕ್ಯಾಸೆಟ್ಟನ್ನು ನಮ್ಮೆದುರೇ ಯಂತ್ರಕ್ಕೆ ಹಾಕಿ, ನಾವು ಎಲ್ಲಿ ಅಂಜಿ ಬಂದ್ ಮಾಡಿದ್ದೆವೆಂದು ನೋಡುತ್ತಿದ್ದರು. ಮುಂದಿನದನ್ನು ಆರಿಸಿ ಕೊಡುತ್ತಿದ್ದದ್ದು ಅದರ ಮೇಲೆಯೇ. ಊರಿನ ದೊಡ್ಡ ಮೀಸೆಯ ಮಾಸ್ತರರೊಬ್ಬರು ನೀರಿನ ದೃಶ್ಯ ಬಂದಲ್ಲೆಲ್ಲ ನಿಲ್ಲಿಸುತ್ತಿದ್ದರಂತೆ. ಅದನ್ನು ಕಾಕಾ ಅವರ ಎದುರು ಆಡಿ ತೋರಿಸಲಿಲ್ಲ, ನೀರಿಲ್ಲದ ಸಿನಿಮಾಗಳನ್ನೇ ಹುಡುಕಿ ಕೊಡುತ್ತ ಹೋದರು. ನಾನು ನಿಲ್ಲಿಸುತ್ತಿದ್ದ ಜಾಗಕ್ಕೆ ಬಂದರೆ ಚಿತ್ರವನ್ನು ಹಾಗೇ ಹಿಡಿದು ನಿಲ್ಲಿಸಿ, ಆ ಉಗುರನ್ನು ಟಿ.ವಿ. ಗಾಜಿಗೆ ತಾಗಿಸಿ ತೋರಿಸುತ್ತಿದ್ದರು. "ಇಲ್ಲಿ ನೋಡು, ಕೊಳ್ಳಾಗ ಬಣ್ಣಾ ಮುಗದೈತಿ. ಇಲ್ಲಿ ನೋಡು, ತಂತಿ. ಇದಕ್ಕ ಅಂಜಿದಿ?" ದೆವ್ವದ ಸಿನಿಮಾ ಹಗಲಲ್ಲೇ ನೋಡಬೇಕು, ಹಗಲಲ್ಲಿ ತಂತಿ ಕಾಣುತ್ತದೆ ಎನ್ನುವುದು ಅವರ ಕಟ್ಟಪ್ಪಣೆ.

ಇನ್ನೊಂದು ಅಭ್ಯಾಸವಿತ್ತು. ಯಾರಾದರೂ "ಕಾಕಾ" ಎಂದು ಕರೆದು ಮುಗಿಸುವುದರೊಳಗೆ "ಓ" ಎಂದುಬಿಡುತ್ತಿದ್ದರು. ಬಾಯಲ್ಲಿ ತುತ್ತಿರಲಿ, ತಲೆ ಮೇಲೆ ನೀರು ಸುರಿದುಕೊಳ್ಳುತ್ತಿರಲಿ, ಓ ಅಂದವರೇ ಎದ್ದು ಬರುತ್ತಿದ್ದರು. ಕಾಲೇಜು ಹುಡುಗರು ಬೇಕೆಂತಲೇ ಕರೆದು ಮೂಲೆಯಲ್ಲಿ ಅಡಗುತ್ತಿದ್ದರು. ಸೋಪಿನ ಮೈಯಲ್ಲೇ ಟವೆಲ್ ಸುತ್ತಿಕೊಂಡು ಬಂದ ಕಾಕಾಗೆ, "ಸುಮ್ನ ಕರದೇವ್ರಿ" ಎಂದು ಹಲ್ಲು ಕಿರಿಯುತ್ತಿದ್ದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಲಿಲ್ಲ. "ಇರ್ಲಿ. ಕರದ್ರಲ್ಲ" ಎಂದು ಒಳಗೆ ಹೋಗುತ್ತಿದ್ದರು. ನಾನೂ ಒಂದೆರಡು ಸಲ ಹಾಗೆ ಕರೆದು ನಕ್ಕಿದ್ದೇನೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಪ್ಪ ಅಡತಿ ವ್ಯಾಪಾರಕ್ಕೆಂದು ವಾರಗಟ್ಟಲೆ ಸೊಲ್ಲಾಪುರದಲ್ಲಿ ಇರುತ್ತಿದ್ದರು. ಅಲ್ಲಿಂದಲೇ ಅವರು ತಂದಿದ್ದ, ಕ್ಯಾಸೆಟ್ ಹಾಕಿ ನೋಡುವ ವಿ.ಸಿ.ಪಿ. ನಮ್ಮ ಪಡಸಾಲೆಯಲ್ಲಿತ್ತು. ಮನೆಯಲ್ಲಿ ಅವ್ವ, ನಾನು, ಅಕ್ಕ, ಮತ್ತೆ ದಿನಕ್ಕೆರಡು ಸಲ ಬಂದು ಯಜಮಾನಿಕೆ ಮಾಡಿ ಹೋಗುವ ಸೋದರಮಾವ. ಬಸುರಿ ಇದ್ದಾಳೆಂದು ಗೊತ್ತಾದ ಮೇಲೆ ಕಾಕಾ ಕೆಳಗಿನ ಹಲಗೆ ಬಿಟ್ಟು ಬೇರೆ ಕೊಡಲಿಲ್ಲ. "ಅಕಿ ಮುಂದ ನಗಿಸೋದ ಹಾಕು" ಎಂದು ತಾಕೀತು ಮಾಡಿದ್ದರು. ಬುಟ್ಟಿಯೊಳಗಿನ ತಲೆಯ ಸಿನಿಮಾ ನೋಡಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕದ್ದು, ಅವ್ವ ಎದೆ ಬಡಿದುಕೊಂಡದ್ದು ಇನ್ನೂ ಕಣ್ಣ ಮುಂದಿದೆ.

ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಹೆಣ್ಣು ಮಗು. ಮೂರನೇ ದಿನ ಮನೆಗೆ ಬಂದರು. ನಾಲ್ಕನೇ ದಿನ ಬೆಳಗಿನಿಂದ ಅಕ್ಕ ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ ಎನ್ನುತ್ತಿದ್ದಳು. ಬಾಣಂತಿಗೆ ಇವೆಲ್ಲ ಇದ್ದದ್ದೇ ಎಂದು ಅವ್ವ ಎಣ್ಣೆ ತಟ್ಟಿ ಮಲಗಿಸಿದಳು. ಊಟವಾದ ಮೇಲೆ ನಾನು ಪಡಸಾಲೆಯಲ್ಲಿ ಒಂದು ಪರದೇಶದ ಕ್ಯಾಸೆಟ್ ಹಾಕಿ ಕೂತೆ. ಹೆರಿಗೆ ಮುಗಿಯಿತಲ್ಲ ಎಂದು ಕಾಡಿ ಬೇಡಿ ತಂದದ್ದು ಅದು. ಸಿನಿಮಾ ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ಒಳಗೆ ಅಕ್ಕ ಕಿರುಚಿದಳು. ಹೋಗಿ ನೋಡಿದರೆ ಕೈಕಾಲು ಸೆಟೆದು ಮೈ ಅದುರುತ್ತಿತ್ತು, ಕಣ್ಣು ಮೇಲೆ ಸಿಕ್ಕಿದ್ದವು, ಬಾಯಲ್ಲಿ ನೊರೆ.

ಮಾವ ಬಂದವನು ಪಡಸಾಲೆಯ ಟಿ.ವಿ.ಯತ್ತ ಒಮ್ಮೆ, ಒಳಗಿನ ಕೋಣೆಯತ್ತ ಒಮ್ಮೆ ನೋಡಿ ತೀರ್ಮಾನ ಕೊಟ್ಟ. "ದುಡ್ಡ ಕೊಟ್ಟ ದೆವ್ವ ಮನಿಗೆ ತಂದೀರಿ. ಬಾಣಂತಿ ಹಸಿ ಮೈಯಿಗೆ ಹೊಕ್ಕೈತಿ." ಮಗುವನ್ನು ಪಕ್ಕದ ಮನೆಗೆ ಸಾಗಿಸಿದರು. ಅಕ್ಕನನ್ನು ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿದರು. ದೆವ್ವ ಬಿಡಿಸುವವನನ್ನು ಕರೆತರಲು ಯಂಕಂಚಿ ರಸ್ತೆಯ ಕಡೆ ಜನ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಕ್ಕನ ದನಿ ಬಂತು. "ಅವ್ವಾ." ಅವ್ವ ಏಳಲು ಹೋದಳು. ಮಾವ ಅವಳ ರಟ್ಟೆ ಹಿಡಿದ. "ಓ ಅನ್ನಬ್ಯಾಡ. ಅದು ನಿನ್ನ ಮಗಳಲ್ಲ. ಒಬ್ಬರನ್ನ ಮೂರ ಸಲ ಕರದ್ರ ಮನಷ್ಯಾರು. ಅದಕ್ಕ ಎರಡಕ್ಕಿಂತ ಹೆಚ್ಚ ಕರಿಯಾಕ ಬರಂಗಿಲ್ಲ. ಮೊದಲ ಯಾರ ಓ ಅಂತಾರೋ ಅವರ ಮೈಯಾಗ ಬರತೈತಿ."

ಅವ್ವ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಅಕ್ಕ ಆಮೇಲೆ ನನ್ನ ಹೆಸರು ಹಿಡಿದು ಕರೆದಳು. ನಾನೂ ಓ ಅನ್ನಲಿಲ್ಲ. ಡಿಗ್ರಿ ಓದುತ್ತಿದ್ದೆ, ದೆವ್ವದ ಕೊರಳಲ್ಲಿ ಬಣ್ಣ ಮುಗಿದ ಜಾಗವನ್ನು ನನ್ನ ಕಣ್ಣಿಂದಲೇ ನೋಡಿದ್ದೆ, ಆದರೂ ಅನ್ನಲಿಲ್ಲ.

"ಮೊದಲ ಆ ಪೆಟ್ಟಿಗಿ ಮನಿ ಬಿಡಸು" ಎಂದು ಮಾವ ಗದರಿಸಿದ. ಕ್ಯಾಸೆಟ್ ಎದೆಗೊತ್ತಿಕೊಂಡು ಅಂಗಡಿಗೆ ಹೋದೆ. ಮೇಜಿನ ಮೇಲೆ ಇಟ್ಟೆ. ಕಾಕಾ ಎಂದಿನಂತೆ ಯಂತ್ರಕ್ಕೆ ಹಾಕಿದರು. ತೆರೆಯ ಮೇಲೆ ಒಬ್ಬ ಮುದುಕ ಹೊಸ್ತಿಲಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಕಾಕಾ ನೋಡಿದರು, ಸ್ವಲ್ಪ ಹಿಂದೆ ಸುತ್ತಿ ಮತ್ತೆ ನೋಡಿದರು.

"ಇಲ್ಲಿ ಯಾರೂ ನಿಂದ್ರಸಂಗಿಲ್ಲ ತಂಗಿ. ಇಲ್ಲಿ ಅಂಜೂವಂಥಾದ್ದು ಏನೂ ಇಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿ, "ಮನ್ಯಾಗ ಏನಾತು?" ಎಂದು ಕೇಳಿದರು.

ಹೇಳಿದೆ. ಬಾಣಂತಿ, ಮೈ ಸೆಟೆದದ್ದು, ಚಿಲಕ ಹಾಕಿದ್ದು, ಕರೆದದ್ದು. ಎಷ್ಟು ಸಲ ಕರೆದಳೆಂದು ಕೇಳಿದರು. ಅವ್ವನನ್ನು ಒಂದು ಸಲ, ನನ್ನನ್ನು ಒಂದು ಸಲ ಎಂದೆ. ಟಿ.ವಿ. ಆರಿಸಲಿಲ್ಲ, ಬಾಗಿಲು ಹಾಕಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ. ಆ ವಯಸ್ಸಿನ ಮನುಷ್ಯ ಹಾಗೆ ಓಡುವುದನ್ನು ನಾನು ಮುಂದೆಂದೂ ನೋಡಲಿಲ್ಲ. ಬಸ್‌ಸ್ಟ್ಯಾಂಡಿನ ಮುಂದೆ ನಿಂತಿದ್ದ ಜೀಪಿನವನಿಗೆ ನಮ್ಮ ಓಣಿಯ ಗುರುತು ಹೇಳಿ, "ಬಿಜಾಪುರಕ್ಕ ಹೋಗೂದೈತಿ, ಲಗೂನ ಬಾ" ಎಂದು ಕೂಗಿ ಮುಂದೆ ಓಡಿದರು.

ನಾವು ಹೊಸ್ತಿಲು ದಾಟುವಾಗ ಒಳಗಿನಿಂದ ಮತ್ತೆ ದನಿ ಬಂತು. ಈ ಸಲ ಬಹಳ ಸಣ್ಣಗೆ. "ಅವ್ವಾ."

"ಓ" ಎಂದರು ಕಾಕಾ. ಪಡಸಾಲೆ ತುಂಬ ಕೇಳುವ ಹಾಗೆ. "ಓ ತಂಗಿ, ಬಂದೆ."

ಮಾವ ಎದ್ದು ಬಂದು ಅವರ ಅಂಗಿಗೆ ಕೈ ಹಾಕಿದ, ಜೇಬು ಹರಿದು ಕೈಗೆ ಬಂತು. ಕಾಕಾ ತಳ್ಳಾಡಲಿಲ್ಲ. "ನಾ ಓ ಅಂದಾಗೇತ್ರಿ. ಬರೂದಿದ್ರ ನನ್ನ ಮೈಯಾಗ ಬರತೈತಿ, ನಿಮಗೇನ ಅಂಜಿಕಿ? ಈಗ ಬಾಗಲಾ ಬಿಡ್ರಿ" ಎಂದರು. ಮಾವ ಪಕ್ಕಕ್ಕೆ ಸರಿದ. ಅವನ ಲೆಕ್ಕದಲ್ಲೇ ಅದು ಸರಿಯಾಗಿತ್ತು. ಚಿಲಕ ತೆಗೆದದ್ದೂ ಕಾಕಾನೇ. ಅಕ್ಕ ಬಾಗಿಲಿಗೆ ಒರಗಿಕೊಂಡೇ ಬಿದ್ದಿದ್ದಳು, ನಾಲಿಗೆ ಕಚ್ಚಿಕೊಂಡು ಗಲ್ಲದ ಮೇಲೆಲ್ಲ ರಕ್ತ. ಎಷ್ಟೊಂದು ಸಿನಿಮಾಗಳಲ್ಲಿ ಎಷ್ಟೊಂದು ರಕ್ತ ನೋಡಿದ್ದೆ. ಈ ರಕ್ತವನ್ನು ಅಂಗೈಯಿಂದ ಒರೆಸಿದೆ.

ಬಿಜಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಬಾಣಂತಿಗೆ ಬಿ.ಪಿ. ಏರಿ ಫಿಟ್ಸ್ ಬಂದಿದೆ ಎಂದರು. ಇನ್ನೊಂದು ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು. ಸೂಜಿ, ಸಲೈನು ಎಲ್ಲ ಹಾಕಿ ಅವಳು ಉಸಿರು ಸರಿ ಮಾಡಿಕೊಂಡು ನಿದ್ದೆ ಹೋದ ಮೇಲೆ ನಾನು ಹೊರಗೆ ಬಂದೆ. ಕಾಕಾ ವರಾಂಡದ ಬೆಂಚಿನ ಮೇಲೆ ಹರಿದ ಅಂಗಿಯಲ್ಲಿ ಕೂತು ಆ ಉಗುರನ್ನು ಹಲ್ಲಿನಿಂದ ಕಡಿಯುತ್ತಿದ್ದರು. ಅವತ್ತು ಅದನ್ನು ಬುಡದವರೆಗೂ ಕಡಿದುಹಾಕಿಬಿಟ್ಟಿದ್ದರು.

"ನನ್ನ ಹೆಂಡತಿಗೂ ಹಿಂಗ ಆಗಿತ್ತು" ಎಂದರು, ನಾನು ಕೇಳದೆಯೇ. "ಏಳ ತಿಂಗಳ ಬಸರಿ ಇದ್ಲು. ನಮ್ಮ ಹಿರ್ಯಾರೂ ಚಿಲಕಾ ಹಾಕಿಸಿದ್ರು. ನಾನ ಹಾಕಿದೆ. ಬಾಗಲಕ್ಕ ಬೆನ್ನ ಹಚ್ಚಿ ಕುಂತೆ. ಏನ್ರೀ, ಅಂದ್ಲು. ಸುಮ್ನ ಕುಂತೆ. ಮತ್ತ, ಏನ್ರೀ, ಅಂದ್ಲು. ನಾ ಮೂರನೇದ್ದಕ್ಕ ಕಾಯಕೋತ ಕುಂತೆ ತಂಗಿ."

ಮೂರನೆಯ ಕರೆ ಬಂದಿರಲಿಲ್ಲ. ಹೀಗಿದ್ದೂ ಈ ದೆವ್ವದ ಸಿನಿಮಾಗಳನ್ನೇ ಯಾಕೆ ಇಟ್ಟುಕೊಂಡು ಕೂತಿದ್ದೀರಿ ಎಂದು ಕೇಳಿದೆ. ಈ ಪ್ರಶ್ನೆಗಾಗಿ ನನ್ನನ್ನು ನಾನು ಬಹಳ ಸಲ ಬಯ್ದುಕೊಂಡಿದ್ದೇನೆ.

"ಒಂದರ ಖರೇ ದೆವ್ವ ಸಿಗತೈತೇನು ಅಂತ ಹುಡಕಾಕತ್ತೇನಿ" ಎಂದರು. "ನಮ್ಮ ದೇಶದ್ದು ನೋಡಿದೆ, ಹೊರಗಿನ ದೇಶದ್ದು ನೋಡಿದೆ. ಒಂದ ಖರೇ ಇದ್ರ ಅವತ್ತ ಒಳಗ ಕರದದ್ದು ಅಕಿ ಅಲ್ಲ ಅಂತ ಆಕ್ಕಿತ್ತು. ಎಲ್ಲಾದ್ರಾಗೂ ತಂತಿ ಕಾಣತೈತಿ."

ಅಕ್ಕ ಉಳಿದಳು. ಕಾಕಾನ ಅಂಗಡಿ ಉಳಿಯಲಿಲ್ಲ. ನಮ್ಮನೆಯ ದೆವ್ವವನ್ನು ಅವರು ಮೈಮೇಲೆ ಹಾಕಿಕೊಂಡರೆಂದು ಊರು ಮಾತಾಡಿಕೊಂಡಿತು. ಮಾವನೇ ಮೊದಲು ಅಂದದ್ದು. ಹೆಂಗಸರು ಆ ಓಣಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದರು, ಗಿರಾಕಿಗಳು ಒಬ್ಬೊಬ್ಬರಾಗಿ ಮೂಲೆ ಅಂಗಡಿಗೆ ನಡೆದರು. "ದೆವ್ವ ಬಂದೈತೇನ್ರಿ ಕಾಕಾ?" ಎಂದು ಕೇಳಿದವರಿಗೆ, "ಇನ್ನೂ ಬಂದಿಲ್ಲರಿ. ಖೋಲಿ ಸಣ್ಣದೈತಿ ಅಂತ ವಿಚಾರ ಮಾಡಾಕತ್ತೈತಿ" ಎನ್ನುತ್ತಿದ್ದರು. ಮುಂದೆ ಸಿ.ಡಿ. ಬಂತು, ಕೇಬಲ್ಲು ಬಂತು. ಹಲಗೆಗಳನ್ನು ಕಳಚಿ, ಕ್ಯಾಸೆಟ್ಟುಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಅಂಗಡಿಯ ಹಿಂದಿನ ಖೋಲಿಯಲ್ಲಿ ಉಳಿದುಕೊಂಡರು. ಗಂಡನಿಗೆ ಸಿಂದಗಿಗೇ ವರ್ಗವಾದ ಮೇಲೆ ಅಕ್ಕ ದಿನಾ ಮಧ್ಯಾಹ್ನ ಅವರಿಗೆ ರೊಟ್ಟಿ ಪಲ್ಯ ಒಯ್ದು ಕೊಡುತ್ತಿದ್ದಳು. ಓಣಿಯ ತುದಿಯಿಂದ "ಕಾಕಾ" ಎಂದರೆ ಸಾಕು, ಒಳಗಿನಿಂದ ಓ ಬರುತ್ತಿತ್ತು.

ನಾನು ಮುದ್ದೇಬಿಹಾಳದಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಒಂದು ಮಧ್ಯಾಹ್ನ ಶಾಲೆಗೆ ಅಕ್ಕನ ಫೋನು ಬಂತು. ತಾಳಿಕೋಟಿ ಮೇಲೆ ಹೋಗುವ ಬಸ್ಸು ಹಿಡಿದು, ಕಾಕಾನನ್ನು ಮಣ್ಣು ಮಾಡುವ ಹೊತ್ತಿಗೆ ಹೋಗಿ ಮುಟ್ಟಿದೆ. ಮಾವನೂ ಬಂದು ಗುಂಪಿನ ಹಿಂದೆ ನಿಂತಿದ್ದ. ಕಾಕಾನ ಖೋಲಿಯ ಬಾಗಿಲು ಕೀಲು ಮುರಿದು ಗೋಡೆಗೆ ಒರಗಿತ್ತು. ಅಕ್ಕ ಅದನ್ನೇ ನೋಡುತ್ತ ಹೇಳಿದಳು. "ರೊಟ್ಟಿ ತಗೊಂಡ ಬಂದೆ. ಒಂದ ಸಲ ಕರದೆ. ಓ ಅನ್ನಲಿಲ್ಲ. ಎರಡನೇ ಸಲ ಕರೀಲೇ ಇಲ್ಲ, ಮಂದೀನ ಕೂಗಿ ಬಾಗಲಾ ಒಡಸಿದೆ." ಅಷ್ಟರಲ್ಲಿ ಅವರು ಹೋಗಿ ಎಷ್ಟೋ ಹೊತ್ತಾಗಿತ್ತು. ಆ ಕಿರುಬೆರಳಿನ ಉಗುರು ಉಳಿದವುಗಳ ಹಾಗೇ ಗಿಡ್ಡಗಿತ್ತು. ಬಿಜಾಪುರದ ಆ ದಿನದ ನಂತರ ಅವರು ಅದನ್ನು ಬೆಳೆಸಿರಲಿಲ್ಲ.

ಅವತ್ತು ನನ್ನ ಹೆಸರು ಹಿಡಿದು ಕರೆದರೂ ನಾನು ಯಾಕೆ ಸುಮ್ಮನಿದ್ದೆ ಎಂದು ಅಕ್ಕ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿಲ್ಲ. ಅವಳಿಗೆ ನೆನಪಿಲ್ಲವೋ, ನೆನಪಿದ್ದೂ ಬಿಟ್ಟಿದ್ದಾಳೋ ತಿಳಿದುಕೊಳ್ಳುವ ಧೈರ್ಯ ನನಗಿಲ್ಲ. ಮನೆಯಲ್ಲಿ ಯಾರು ಕರೆದರೂ ನಾನು ಕೈಯಲ್ಲಿದ್ದುದನ್ನು ಬಿಟ್ಟು ಮೊದಲು ಓ ಅನ್ನುತ್ತೇನೆ. ಅಕ್ಕ ಕರೆದರೆ ಮಾತ್ರ ಎರಡು ಸಲ ಓ ಅನ್ನುತ್ತೇನೆ. ಕಿವಿ ಕೇಳುವುದಿಲ್ಲವೇನು ಚಿಗವ್ವನಿಗೆ ಎಂದು ಅವಳ ಮಗಳು ನಗುತ್ತಾಳೆ. ಆ ಎರಡು ಓಗಳಲ್ಲಿ ಒಂದು ಅವತ್ತಿನದು.