ಹಾಲು ಇಳಿಯುವ ಹೊತ್ತಿನ ವಾಕ್ಯಗಳು

ಬೆಳಗಿನ ಐದೂಕಾಲು. ಇಚಿಲಂಪಾಡಿಯ ಗುಡ್ಡದ ಓರೆಯಲ್ಲಿ ಒಂದು ಬೆಳಕಿನ ಚುಕ್ಕೆ ಮರದಿಂದ ಮರಕ್ಕೆ ಹೋಗುತ್ತಿದೆ. ಸುಂದರಿ ಹಣೆಗೆ ಕಟ್ಟಿಕೊಂಡ ಟಾರ್ಚು ಅದು. ರಬ್ಬರ್ ಮರದ ಮುಂದೆ ನಿಂತು, ಹಿಂದಿನ ಸಲದ ಗೀರಿನಲ್ಲಿ ಒಣಗಿ ಕೂತ ಹಾಲಿನ ಎಳೆಯನ್ನು ಎಳೆದು ತೆಗೆದು ಸೊಂಟದ ಚೀಲಕ್ಕೆ ಹಾಕುತ್ತಾರೆ. ಆಮೇಲೆ ಕತ್ತಿ ಊರಿ, ಮರದ ಸುತ್ತ ಹೆಜ್ಜೆ ಸರಿಸುತ್ತಾ ತೊಗಟೆಯ ಒಂದು ಪದರ ಕೆತ್ತುತ್ತಾರೆ. ಕಾಗದದಷ್ಟು ತೆಳು. ಕೂದಲೆಳೆಯಷ್ಟು ಹೆಚ್ಚು ಒಳಗೆ ಹೋದರೆ ಮರಕ್ಕೆ ಗಾಯ, ಕಡಿಮೆ ಹೋದರೆ ಹಾಲಿಲ್ಲ. ಮೊದಲ ಹನಿ ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ಬೀಳುವ ಹೊತ್ತಿಗೆ ಅವರು ಮುಂದಿನ ಮರದ ಬುಡದಲ್ಲಿರುತ್ತಾರೆ.

ಹತ್ತಿರ ಹೋದರೆ ಏನೋ ಗೊಣಗುವುದು ಕೇಳಿಸುತ್ತದೆ. ಹಾಡಲ್ಲ, ದೇವರ ನಾಮವೂ ಅಲ್ಲ.

"ಇರುವೆಗಳು ಸಾಲು ತಪ್ಪದೆ ಹೋಗುವುದನ್ನು ನೋಡಿದರೆ ಅವುಗಳ..." ಒಂದು ಮರ. "ಅವುಗಳ..." ಇನ್ನೊಂದು ಮರ. "ಶಿಸ್ತು ಎದ್ದು ಕಾಣುತ್ತದೆ. ಹಾಂ, ಶಿಸ್ತು. ಅದರ ಜೊತೆಗೆ ಸಿಟ್ಟು, ಸಂಕೋಚ, ಸೋಮಾರಿತನ."

ಪರೀಕ್ಷೆಯ ಪ್ರಶ್ನೆಯೊಂದು ಹುಟ್ಟುವುದನ್ನು ಕಣ್ಣಾರೆ ನೋಡಬೇಕಿದ್ದರೆ ಈ ಗುಡ್ಡಕ್ಕೆ ಬರಬೇಕು. ನಲವತ್ತೇಳು ವರ್ಷದ ಸುಂದರಿ ಎಂಟನೇ ತರಗತಿಯವರೆಗೆ ಓದಿದವರು. ಕಡಬ ತಾಲೂಕಿನ ಈ ಊರಿನಲ್ಲಿ, ತ್ಯಾಂಪಣ್ಣ ಗೌಡರ ತೋಟದ ಮುನ್ನೂರ ಹತ್ತು ಮರಗಳಿಗೆ ಕತ್ತಿ ಹಾಕುವುದು, ಅಂದರೆ ಟ್ಯಾಪಿಂಗ್, ಅವರ ಕೆಲಸ. ಐದಕ್ಕೆ ತೊಡಗಿದರೆ ಏಳೂಕಾಲಿಗೆ ಕಡೆಯ ಮರ. ಹಾಲು ಪೂರ್ತಿ ಇಳಿಯಲು ಮತ್ತೆ ಎರಡು ಗಂಟೆ ಬೇಕು. ಆ ಎರಡು ಗಂಟೆ ಟ್ಯಾಪಿಂಗಿನವರು ಚಾ ಕುಡಿಯುತ್ತಾರೆ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಸುಂದರಿ ಪಾಠ ಮಾಡುತ್ತಾರೆ.

ಏಳೂವರೆಗೆ ರಬ್ಬರ್ ಶೀಟು ಮಾಡುವ ಶೆಡ್ಡಿನ ಮುಂದೆ ಆರು ಮಕ್ಕಳು ಬಂದು ಕೂರುತ್ತಾರೆ. ಎಲ್ಲರೂ ಊರಿನ ಶಾಲೆಯ ಐದನೆಯವರು. ಶಾಲೆ ಇರುವುದು ಐದನೆಯವರೆಗೆ ಮಾತ್ರ. ಮುಂದಿನದಕ್ಕೆ ಆರು ಕಿಲೋಮೀಟರ್ ಹೋಗಬೇಕು, ಅದರಲ್ಲಿ ಅರ್ಧ ಆನೆ ದಾಟುವ ಕಾಡಿನ ದಾರಿ. ಅದಕ್ಕೇ ಇಲ್ಲಿನ ಮಕ್ಕಳಿಗೆ ಸರ್ಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಎಂದರೆ ಸಣ್ಣ ಸಂಗತಿಯಲ್ಲ. ಸೀಟು ಸಿಕ್ಕಿದರೆ ಊಟ, ಹಾಸಿಗೆ, ಹತ್ತನೆಯವರೆಗೆ ಓದು. ಲೆಕ್ಕದಲ್ಲಿ ಈ ಮಕ್ಕಳು ಗಟ್ಟಿ. ಎಡವುವುದು ಕನ್ನಡದಲ್ಲಿ. ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಅರೆಭಾಷೆ. ಕನ್ನಡ ಶಾಲೆಯ ಗೋಡೆಯೊಳಗಿನದ್ದು. ಪ್ರಶ್ನೆಪತ್ರಿಕೆಯಲ್ಲಿ ಒಂದು ವಾಕ್ಯ ಕೊಟ್ಟು, ನಡುವಿನ ಒಂದು ಪದ ತೆಗೆದು, ಕೆಳಗೆ ನಾಲ್ಕು ಪದ ಇಡುತ್ತಾರೆ. ಸರಿಯಾದದ್ದನ್ನು ಆರಿಸಬೇಕು. ಇಂಥವು ಇಪ್ಪತ್ತು.

ಇಂದಿನ ವಾಕ್ಯ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿದೆ: ಒಂದು ಬೀಡಿಯನ್ನೂ ಕೆಡಿಸದೆ ಅಜ್ಜಿ ____ ಕಟ್ಟಿದಳು. ಅವಸರದಿಂದ, ಜಾಗರೂಕತೆಯಿಂದ, ಅಂಜಿಕೆಯಿಂದ, ಕೋಪದಿಂದ.

"ಕೋಪದಿಂದ" ಎನ್ನುತ್ತಾಳೆ ಮುಂದೆ ಕೂತ ಆಯಿಶತ್ ಶಿಫಾ.

"ಯಾಕೆ?"

"ನನ್ನ ಅಜ್ಜಿ ಕೋಪದಲ್ಲೇ ಕಟ್ಟುದು ಸುಂದರಿಯಕ್ಕ. ಬಯ್ತಾ ಬಯ್ತಾ ಕಟ್ಟುದು. ಆದ್ರೂ ಒಂದೂ ಕೆಡುದಿಲ್ಲ."

ಮಕ್ಕಳು ನಗುತ್ತಾರೆ. ಸುಂದರಿಗೂ ನಗು. "ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಬಾ ಮಾರಾಯ್ತಿ. ಇದು ನಿನ್ನ ಅಜ್ಜಿ ಅಲ್ಲ, ವಾಕ್ಯದ ಅಜ್ಜಿ. ಸಾಕ್ಷಿ ಎಲ್ಲಿ ಉಂಟು? ಬೆರಳು ಇಡು."

ಶಿಫಾ ಎದ್ದು ಬಂದು ಹಾಳೆಯ ಮೇಲೆ ಬೆರಳಾಡಿಸಿ 'ಕೆಡಿಸದೆ' ಎಂಬಲ್ಲಿ ನಿಲ್ಲಿಸುತ್ತಾಳೆ. ಬೆರಳೆತ್ತದೆ "ಜಾಗರೂಕತೆಯಿಂದ" ಎನ್ನುತ್ತಾಳೆ.

ಇದು ಸುಂದರಿಯವರ ಕ್ರಮ. ಉತ್ತರ ಯಾವುದು ಎಂದು ಅವರು ಮೊದಲು ಕೇಳುವುದಿಲ್ಲ. ವಾಕ್ಯದೊಳಗೆ ಯಾವ ಮಾತು ಆ ಪದದ ಪರವಾಗಿ ಸಾಕ್ಷಿ ಹೇಳುತ್ತದೆ ಎಂದು ಕೇಳುತ್ತಾರೆ. ಬೆರಳಿಟ್ಟು ತೋರಿಸದವರ ಉತ್ತರ ಸರಿಯಾದರೂ ಲೆಕ್ಕಕ್ಕಿಲ್ಲ. ಊರಿನ ಶಾಲೆಯ ಗೋದಾವರಿ ಟೀಚರ್ ಒಮ್ಮೆ ಕುತೂಹಲಕ್ಕೆ ಬಂದು ಕೂತವರು ಈಗಲೂ ಅದನ್ನೇ ಹೇಳುತ್ತಾರೆ: "ನಮಗೆ ಮೂರು ದಿನದ ತರಬೇತಿಯಲ್ಲಿ ಹೇಳಿಕೊಟ್ಟದ್ದು ಇದನ್ನೇ. ನನಗೆ ತಲೆಗೆ ಹೋದದ್ದು ಮಾತ್ರ ಈ ಶೆಡ್ಡಿನಲ್ಲಿ."

ಆರಂಭವಾದದ್ದು ಎಂಟು ವರ್ಷದ ಹಿಂದೆ, ಮಗ ಸಂಪ್ರೀತ್ ಐದನೆಯಲ್ಲಿದ್ದಾಗ. ಅವನಿಗೆ ತಂದುಕೊಟ್ಟ ಗೈಡಿನ ವಾಕ್ಯಗಳಲ್ಲಿ ಅರಮನೆ, ಆಸ್ಥಾನ, ರಥಬೀದಿ. "ಅವನಿಗೆ ಒಂದೂ ಹಿಡಿಯುದಿಲ್ಲ. ನಾನು ನೋಡಿದೆ, ಪದ ಕಷ್ಟದ್ದಲ್ಲ, ವಾಕ್ಯ ನಮ್ಮದಲ್ಲ. ಮರುದಿನ ಮರಕ್ಕೆ ಕತ್ತಿ ಹಾಕ್ತಾ ನಾನೇ ಒಂದು ವಾಕ್ಯ ಮಾಡಿದೆ. ಒಂದು ಸಾಲು ಮರ ಮುಗಿಯುವಾಗ ಒಂದು ವಾಕ್ಯ ಆಗ್ತದೆ ಅಂತ ಗೊತ್ತಾಯ್ತು." ಸಂಪ್ರೀತನಿಗೆ ಸೀಟು ಸಿಕ್ಕಿತು. ಈಗ ಅವನು ಪುತ್ತೂರಿನಲ್ಲಿ ಐಟಿಐ ಓದುತ್ತಿದ್ದಾನೆ. ಮರುವರ್ಷ ನೆರೆಮನೆಯವರು ತಮ್ಮ ಮಕ್ಕಳನ್ನೂ ಕಳಿಸಿದರು.

ಅಂದಿನಿಂದ ಇಂದಿನವರೆಗೆ ನಲವತ್ತಮೂರು ಮಕ್ಕಳು ಈ ಶೆಡ್ಡಿನ ಮುಂದೆ ಕೂತಿದ್ದಾರೆ. ಹನ್ನೆರಡು ಮಂದಿಗೆ ಸೀಟು ಸಿಕ್ಕಿದೆ. ವಾಕ್ಯಗಳು ನಾಲ್ಕು ಸಾವಿರ ದಾಟಿವೆ. ಮೂವತ್ತಕ್ಕೂ ಹೆಚ್ಚು ಕ್ಯಾಲೆಂಡರುಗಳು, ಶೀಟು ಒಣಗಿಸುವ ಹೊಗೆಗೂಡಿನ ಸೂರಿಗೆ ತಾಗಿದ ಹಲಗೆಯ ಮೇಲೆ ಕಂದು ಬಣ್ಣಕ್ಕೆ ತಿರುಗಿ ಕೂತಿವೆ. ಒಂದೊಂದನ್ನೇ ತೆಗೆದು ನೋಡಿದರೆ ಊರೇ ಕಾಣುತ್ತದೆ. ಹೆಪ್ಪುಗಟ್ಟಲು ಆಸಿಡ್ ಹಾಕಿದ ರಬ್ಬರ್ ಹಾಲು, ಮುಳ್ಳುಹಂದಿ, ಜಾಲ್ಸೂರಿನಲ್ಲಿ ಗಡಿ ದಾಟುವ ಬಸ್ಸು, ಗುಂಡ್ಯದಲ್ಲಿ ಕೆಟ್ಟು ನಿಂತ ಲಾರಿ, ಎಲ್ಲವೂ ಒಂದೊಂದು ಪದ ಬಿಟ್ಟುಕೊಂಡು ಮಕ್ಕಳಿಗಾಗಿ ಕಾಯುತ್ತಿವೆ. ಒಬ್ಬ ಹೆಂಗಸು ಕತ್ತಲೆಯಲ್ಲಿ, ಕೈ ಬೇರೆ ಕೆಲಸದಲ್ಲಿರುವಾಗ, ಇಷ್ಟನ್ನು ಮನಸ್ಸಿನಲ್ಲೇ ಬರೆದು ತಿದ್ದಿದ್ದಾರೆ.

ಕ್ಯಾಲೆಂಡರ್ ಕೊಡುವವರು ತೋಟದ ಧನಿ ತ್ಯಾಂಪಣ್ಣ ಗೌಡರು. ಅವರದ್ದು ಬೇರೆಯೇ ಧಾಟಿ. "ನನ್ನ ಮರಕ್ಕೆ ಗಾಯ ಮಾಡದಿದ್ರೆ ಸಾಕು, ಮಕ್ಕಳ ತಲೆಗೆ ಎಂತ ಬೇಕಾದ್ರೂ ಮಾಡ್ಲಿ ಅಂತ ಬಿಟ್ಟಿದ್ದೇನೆ." ಫೀಸಿನ ಮಾತೆತ್ತಿದರೆ ಸುಂದರಿ ಕೈ ಆಡಿಸಿಬಿಡುತ್ತಾರೆ. "ಎಂತ ಫೀಸು ಮಾರಾಯ್ರೆ. ಹಾಲು ಇಳಿಯುವವರೆಗೆ ನಾನು ಸುಮ್ಮನೆ ಕೂತುಕೊಳ್ಳುದೇ ಅಲ್ವಾ."

ಆದರೆ ಕಳೆದ ವರ್ಷದ ಮಾತು ಬಂದಾಗ ಅವರ ದನಿ ಇಳಿಯುತ್ತದೆ.

ಕಳೆದ ವರ್ಷ ಇಲ್ಲಿ ಕೂತವರಲ್ಲಿ ಚುರುಕಿನವಳು ದೀಕ್ಷಿತಾ. ಪರೀಕ್ಷೆ ಮುಗಿಸಿ ಮರುದಿನ ಪ್ರಶ್ನೆಪತ್ರಿಕೆ ಹಿಡಿದು ಓಡಿಬಂದಳು. ಅದರಲ್ಲೊಂದು ವಾಕ್ಯ: ಬಹುದಿನಗಳ ಬರಗಾಲದ ಬಳಿಕ ಆಕಾಶದಲ್ಲಿ ಕಾರ್ಮೋಡ ಕಂಡು ರೈತನ ಮುಖ ____. ಅರಳಿತು, ಬಾಡಿತು, ಕೆಂಪಾಯಿತು, ಊದಿತು. ದೀಕ್ಷಿತಾ ಗುರುತು ಹಾಕಿದ್ದು 'ಬಾಡಿತು' ಎಂಬುದಕ್ಕೆ. ಸರಿಯಾಗಿಯೇ ಹಾಕಿದ್ದಾಳೆ ಎಂದು ಸುಂದರಿ ಬೆನ್ನು ತಟ್ಟಿದರು.

ರಬ್ಬರ್ ಮರದ ಕೆಳಗೆ ದುಡಿಯುವವರಲ್ಲಿ ಇದನ್ನು ತಪ್ಪು ಎನ್ನುವವರು ಯಾರೂ ಸಿಗಲಿಕ್ಕಿಲ್ಲ. ಬೆಳಗಿನ ಮಳೆ ಬಂದರೆ ತೊಗಟೆಯ ಮೇಲೆ ನೀರಿಳಿದು ಹಾಲು ಗೆರಟೆಗೆ ಬೀಳದೆ ಹರಡಿಹೋಗುತ್ತದೆ. ಅಂದಿನ ಕೆಲಸ ಹೋಯಿತು. ಅಂಗಳದಲ್ಲಿ ಅಡಿಕೆ ಹರಡಿದವರ ಪಾಡೂ ಅದೇ. ಸಾಲದ್ದಕ್ಕೆ, ಪರೀಕ್ಷೆಗೆ ಎರಡು ತಿಂಗಳು ಮೊದಲು ಸುಂದರಿಯೇ ಒಂದು ವಾಕ್ಯ ಕಟ್ಟಿದ್ದರು. ಬೆಳಗಿನ ಮೋಡ ಕಂಡು ಟ್ಯಾಪಿಂಗಿನವಳ ಮುಖ ಬಾಡಿತು ಎಂದು. ಮಕ್ಕಳು ಅದನ್ನು ಬಾಯಿಪಾಠ ಮಾಡಿದ್ದರು. ಆ ಸಲ ಐವರಲ್ಲಿ ಐವರೂ 'ಬಾಡಿತು' ಎಂದೇ ಬರೆದು ಬಂದರು. ಸರಿ ಉತ್ತರ 'ಅರಳಿತು'. ದೀಕ್ಷಿತಾಳಿಗೆ ಸೀಟು ತಪ್ಪಿದ್ದು ಒಂದು ಅಂಕದಲ್ಲಿ.

"ಬರಗಾಲ ಅಂತ ಅಲ್ಲೇ ಉಂಟು. ಕಣ್ಣಿಗೆ ಕಾಣುವ ಹಾಗೆ ಉಂಟು. ಮಕ್ಕಳು ಬಿಡಿ, ನಾನೇ ಅದನ್ನು ದಾಟಿ ಹೋದೆ. ಬರಗಾಲ ನಾವು ಎಲ್ಲಿ ನೋಡಿದ್ದು?" ಎನ್ನುತ್ತಾರೆ. "ನಮ್ಮ ಮನೆಯದ್ದೇ ವಾಕ್ಯ ಮಾಡಿ ಮಾಡಿ, ಎಲ್ಲ ವಾಕ್ಯವೂ ನಮ್ಮ ಮನೆಯದ್ದು ಅಂತ ಮಕ್ಕಳಿಗೆ ಕಲಿಸಿಬಿಟ್ಟೆ."

ಆಯ್ಕೆ ಪಟ್ಟಿ ಬಂದ ದಿನ ಸಂಜೆ ಅವರು ದೀಕ್ಷಿತಾಳ ಮನೆಗೆ ಹೋಗಿ ಅವಳ ತಂದೆತಾಯಿಯ ಎದುರು ಹೇಳಿದರು: ಅವಳದ್ದು ತಪ್ಪಿಲ್ಲ, ನಾನು ಹೇಳಿಕೊಟ್ಟದ್ದನ್ನೇ ಬರೆದದ್ದು. ತಾಯಿ ಚಾ ಮಾಡಿ ಕೊಟ್ಟರಂತೆ. ಬಯ್ದಿದ್ದರೆ ಒಳ್ಳೆಯದಿತ್ತು ಎನ್ನುತ್ತಾರೆ ಸುಂದರಿ. ದೀಕ್ಷಿತಾ ಈಗ ತಂದೆಯ ಬೈಕಿನಲ್ಲಿ ಆ ಆರು ಕಿಲೋಮೀಟರ್ ದೂರದ ಶಾಲೆಗೆ ಹೋಗುತ್ತಾಳೆ. ಅವಳನ್ನು ಬಿಟ್ಟು ಬರುವಾಗ ತಂದೆಗೆ ಕೆಲಸಕ್ಕೆ ಹೊತ್ತಾಗುತ್ತದೆ.

ಪಾಠ ನಿಲ್ಲಿಸಿಬಿಡುವ ಮನಸ್ಸಾಗಿತ್ತು. ಅದೇ ದಿನಗಳಲ್ಲಿ ಊರಿನ ರಸ್ತೆಗೆ ಡಾಮರು ಹಾಕಲು ಬಯಲುಸೀಮೆಯ ಒಂದು ತಂಡ ಬಂದು ಟೆಂಟು ಹಾಕಿತ್ತು. ಸುಂದರಿ ಒಂದು ದಿನ ಅಲ್ಲಿಗೆ ಹೋಗಿ, ಜಲ್ಲಿ ಹೊರುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದರು: "ನಿಮ್ಮ ಊರಲ್ಲಿ ಮೋಡ ಕಂಡ್ರೆ ನಿಮಗೆ ಎಂತ ಆಗ್ತದೆ?" ಅವಳು ಇವರ ಮುಖವನ್ನೇ ನೋಡಿ ಹೇಳಿದಳಂತೆ: "ಜೀವ ಬಂದಂಗ ಆಗತೈತ್ರಿ ಯಕ್ಕಾ. ಇದನ್ನೂ ಯಾರರ ಕೇಳ್ತಾರೇನು?"

ಆಮೇಲೆ ಅವರು ಕೇಳುವುದನ್ನು ಬಿಡಲಿಲ್ಲ. ಆ ಟೆಂಟಿನಲ್ಲಿ ಕೂತು ಜೋಳ, ಕರಿಮಣ್ಣು, ಬತ್ತಿದ ಕೆರೆ, ಟ್ಯಾಂಕರಿನ ಸಾಲು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಈಗ ಕ್ಯಾಲೆಂಡರಿನ ಹಾಳೆಗಳಲ್ಲಿ ದಿನಕ್ಕೆ ಎರಡು ವಾಕ್ಯ ಇಲ್ಲಿನವು, ಎರಡು ತಾವು ಕಾಲಿಡದ ಊರಿನವು. 'ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಬಾ' ಎಂಬ ಮಾತೂ ಹುಟ್ಟಿದ್ದು ಆಗಲೇ.

ಈ ಸಲದ ಆರು ಮಂದಿಯಲ್ಲಿ ಸುಂದರಿಯ ನಿದ್ದೆ ಕೆಡಿಸಿದವಳು ಶಿಫಾ. ಅಜ್ಜಿ ರುಖಿಯಮ್ಮನ ಜೊತೆಗಿರುವ ಹುಡುಗಿ. ಅಜ್ಜಿಗೆ ಮಂಡಿನೋವು, ಮನೆಯಲ್ಲಿ ಬೈಕೂ ಇಲ್ಲ, ಬಿಡುವವರೂ ಇಲ್ಲ. "ಆನೆ ಬರುವ ದಾರಿಯಲ್ಲಿ ಒಬ್ಬಳನ್ನೇ ಹೇಗೆ ಕಳಿಸುದು?" ಎಂದು ರುಖಿಯಮ್ಮ ಕೇಳುತ್ತಾರೆ. ಸೀಟು ಸಿಗದಿದ್ದರೆ ಓದು ಐದಕ್ಕೇ ನಿಲ್ಲುತ್ತದೆ. ಪರೀಕ್ಷೆ ಬರೆಯುವ ಅವಕಾಶ ಐದನೆಯಲ್ಲಿ ಒಂದೇ ಸಲ.

ಫೆಬ್ರವರಿಯ ಒಂದು ಭಾನುವಾರ ಪರೀಕ್ಷೆ ನಡೆಯಿತು. ಮರುದಿನ ಶಿಫಾ ಬಂದು ಹೇಳಿದ ವಾಕ್ಯ ಇದು: ಹಿಮಪಾತದಿಂದ ದಾರಿ ಮುಚ್ಚಿಹೋದುದರಿಂದ ಯಾತ್ರಿಕರು ರಾತ್ರಿ ಛತ್ರದಲ್ಲೇ ____. ಹೊರಟರು, ತಂಗಿದರು, ಓಡಿದರು, ಮರೆತರು.

"ಹಿಮಪಾತ ಅಂದ್ರೆ ಎಂತ ಗೊತ್ತುಂಟಾ?" ಎಂದು ಸುಂದರಿ ಕೇಳಿದರು.

"ಇಲ್ಲ. ಛತ್ರ ಸಹ ಗೊತ್ತಿಲ್ಲ. ಆದ್ರೆ ದಾರಿ ಮುಚ್ಚಿತು ಅಂತ ಉಂಟಲ್ಲ. ಅದಕ್ಕೆ ಬೆರಳು ಇಟ್ಟು 'ತಂಗಿದರು' ಹಾಕಿದೆ."

ಕಳೆದ ವರ್ಷ ಅವಸರದಲ್ಲಿ ಬೆನ್ನು ತಟ್ಟಿದ ಕೈಯನ್ನು ಸುಂದರಿ ಈ ಸಲ ಮಡಿಲಲ್ಲೇ ಇಟ್ಟುಕೊಂಡರು.

ಈಗ ಮೇ ತಿಂಗಳು. ಮಳೆಗಾಲದಲ್ಲಿ ನೀರು ಹಾಲಿಗೆ ಇಳಿಯದಂತೆ ಮರಗಳಿಗೆ ಪ್ಲಾಸ್ಟಿಕ್ ಕಟ್ಟುವ ಕೆಲಸ ನಡೆಯುತ್ತಿದೆ. ಸುಂದರಿಯ ಎರಡೂ ಕೈ ಅಂಟಿನಿಂದ ಕಪ್ಪಾಗಿವೆ. ಗೋದಾವರಿ ಟೀಚರ್ ಗುಡ್ಡ ಹತ್ತಿ ಬರುತ್ತಾರೆ, ಅವರ ಹಿಂದೆ ಮಂಡಿ ಹಿಡಿದುಕೊಂಡು ರುಖಿಯಮ್ಮ, ಮುಂದೆ ಶಿಫಾ. ಮೊಬೈಲಿನಲ್ಲಿ ಆಯ್ಕೆ ಪಟ್ಟಿ ಬಂದಿದೆ. ಶಿಫಾಳ ಹೆಸರಿದೆ. ಕನ್ನಡದಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು.

ಸುಂದರಿ ಮರಕ್ಕೆ ಒತ್ತಿ ಹಿಡಿದ ಪ್ಲಾಸ್ಟಿಕನ್ನು ಬಿಡುವುದಿಲ್ಲ. ಅಂಟು ಹಿಡಿಯುವವರೆಗೆ ಬಿಡುವಂತಿಲ್ಲ. ಹಾಗೇ ನಿಂತು ಕೇಳುತ್ತಾರೆ, "ಅಲ್ಲಿ ಕುಚ್ಚಲಕ್ಕಿ ಅನ್ನ ಕೊಡ್ತಾರಾ ಟೀಚರ್? ಇವಳಿಗೆ ಬೆಳ್ತಿಗೆ ಅಕ್ಕಿಯ ಅನ್ನ ಸೇರುದಿಲ್ಲ."

"ನೀನು ಕಲಿಸಿದ್ದು ಸುಂದರಿ" ಎಂದು ರುಖಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಇನ್ನು ನಾನು ಯಾರಿಗೆ ಬಯ್ಯುದು?"

ಅವರೆಲ್ಲ ಇಳಿದು ಹೋದ ಮೇಲೆ, ಈಗ ಸಮಾಧಾನವೇ ಎಂದು ಕೇಳಿದರೆ ಸುಂದರಿ ಮುಂದಿನ ಮರದ ತೊಗಟೆ ಕೆರೆದು ಒರೆಸುತ್ತಾ ಹೇಳುತ್ತಾರೆ. "ಎಂಟನೆಗೆ ಅಲ್ಲಿ ಒಂದೆರಡು ಸೀಟು ಖಾಲಿ ಆಗ್ತದಂತೆ. ಅದಕ್ಕೆ ಬೇರೆ ಪರೀಕ್ಷೆ ಉಂಟು ಅಂತ ಟೀಚರ್ ಹೇಳಿದ್ರು. ಇನ್ನು ಒಂದೇ ವರ್ಷ. ದೀಕ್ಷಿತಾ ಭಾನುವಾರ ಬರ್ತಾಳೆ. ಎಂಟನೆಯದ್ದು ಪದ ಸ್ವಲ್ಪ ಗಟ್ಟಿ, ನನಗೂ ಓದ್ಲಿಕ್ಕೆ ಉಂಟು."

ಪ್ಲಾಸ್ಟಿಕನ್ನು ಮರಕ್ಕೆ ಸುತ್ತಿ, ಎರಡೂ ಅಂಗೈಯಿಂದ ಒತ್ತಿ ಹಿಡಿಯುತ್ತಾರೆ.

"ಶಿಫಾಳ ಮಾರ್ಕು ಶಿಫಾಳದ್ದೇ. ದೀಕ್ಷಿತಾಳ ಒಂದು ಮಾರ್ಕು ಕಳೆದದ್ದು ಮಾತ್ರ ನಾನು. ಅದನ್ನು ಅವಳಿಗೆ ತಂದು ಕೊಡ್ಬೇಕು. ನನಗೆ ಬೇರೆಂತದ್ದೂ ಬೇಡ."